ಸಿಂಗಾಪುರದಲ್ಲಿ ಮೊದಲ ದಿನ, ಅತ್ತಿಗೆಯ ಆರು ಜಾಗದ ಪಟ್ಟಿ

ಪ್ರಶ್ನೆ: ನಾನು ಮತ್ತು ನನ್ನ ಅತ್ತಿಗೆ ಬರುವ ತಿಂಗಳು ಸಿಂಗಾಪುರಕ್ಕೆ ಹೊರಟಿದ್ದೇವೆ. ನನಗೆ 54, ಅವರಿಗೆ 61. ಮನೆ, ತೋಟ, ಕೊಟ್ಟಿಗೆ ಅಂತ ಹನ್ನೆರಡು ವರ್ಷದಿಂದ ಮುಂದೆ ಹೋಗುತ್ತಲೇ ಇದ್ದ ಪ್ರವಾಸ. ಈ ಸಲ ಅಡಿಕೆ ಕೊಯ್ಲು ಮುಗಿದ ಮೇಲೆ ಗಟ್ಟಿ ಮನಸ್ಸು ಮಾಡಿ ಟಿಕೆಟ್ ತೆಗೆಸಿದೆವು. ಬೆಂಗಳೂರಿನಿಂದ ರಾತ್ರಿ 11ಕ್ಕೆ ವಿಮಾನ, ಅಲ್ಲಿ ಬೆಳಿಗ್ಗೆ 6ಕ್ಕೆ ಇಳಿಯುತ್ತೇವೆ. ಐದು ದಿನ ಇದೆ. ಆದರೆ ಅತ್ತಿಗೆ ಮೊದಲ ದಿನಕ್ಕೇ ಆರು ಜಾಗ ಬರೆದಿಟ್ಟಿದ್ದಾರೆ. "ಇಷ್ಟು ದುಡ್ಡು ಕೊಟ್ಟು ಹೋಗಿ ಮಲಗೋದಾ?" ಅಂತಾರೆ. ನನಗೆ ಅವರ ಮಂಡಿನೋವಿನದೇ ಚಿಂತೆ, ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ. ಏನು ಮಾಡಲಿ?
ಒಬ್ಬ ಓದುಗರು, ಶಿರಸಿ ತಾಲೂಕು

ಉತ್ತರ: ಅಕ್ಕಾ, ನಿಮ್ಮ ಅತ್ತಿಗೆ ಹೇಳೋದು ತಪ್ಪಲ್ಲ. ಹನ್ನೆರಡು ವರ್ಷ ಕಾದವರಿಗೆ ಒಂದು ದಿನ ಸುಮ್ನೆ ಹೋದರೂ ಸಂಕಟವೇ. ಅದಕ್ಕೆ "ನಿಮ್ಮ ಮಂಡಿ" ಅಂತ ಮಾತು ಶುರು ಮಾಡಬೇಡಿ. ಇಬ್ಬರೂ ಕೂತು ಒಂದು ಲೆಕ್ಕ ಹಾಕಿ. ನಿಮ್ಮ ಪ್ರವಾಸ ಚಾಂಗಿ ವಿಮಾನ ನಿಲ್ದಾಣದಲ್ಲಿ ಶುರುವಾಗೋದಲ್ಲ, ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ಶುರುವಾಗೋದು. ನಮ್ಮ ಶಿರಸಿಗೆ ರೈಲಿಲ್ಲವಲ್ಲ, ರಾತ್ರಿ ಬಸ್ಸಿನಲ್ಲಿ ಹತ್ತಿರ ಹತ್ತಿರ ನಾನೂರು ಕಿಲೋಮೀಟರ್, ಬೆಳಿಗ್ಗೆ ಬೆಂಗಳೂರು, ಹಗಲೆಲ್ಲ ನೆಂಟರ ಮನೆಯಲ್ಲಿ ಮಾತುಕತೆ, ಸಂಜೆ ಟ್ರಾಫಿಕ್ಕಿನಲ್ಲಿ ದೇವನಹಳ್ಳಿ ದಾರಿ, ಆಮೇಲೆ ವಿಮಾನದಲ್ಲಿ ನಾಲ್ಕೂವರೆ ತಾಸು ಕಾಲು ಮಡಚಿಕೊಂಡೇ ಕೂರಬೇಕು. ಸಿಂಗಾಪುರದ ಗಡಿಯಾರ ನಮಗಿಂತ ಎರಡೂವರೆ ತಾಸು ಮುಂದೆ. ಅಲ್ಲಿ ಬೆಳಿಗ್ಗೆ ಆರು ಅಂದರೆ ನಿಮ್ಮ ಮೈಗೆ ಇನ್ನೂ ಮೂರೂವರೆ. ಎರಡು ರಾತ್ರಿ ನಿದ್ದೆ ಕೆಟ್ಟಿರುತ್ತದೆ. 54ಕ್ಕೂ ಕಷ್ಟ, 61ಕ್ಕೂ ಕಷ್ಟ.

ನಾನು ಇದನ್ನು ಅನುಭವಿಸಿಯೇ ಹೇಳುತ್ತಿದ್ದೇನೆ. ಕಾರವಾರದ ನನ್ನ ಗೆಳತಿಯ ಜೊತೆ ಮೊದಲ ಸಲ ಅಲ್ಲಿಗೆ ಹೋದಾಗ ಪಟ್ಟಿ ಬರೆದವಳು ನಾನು. ಮಧ್ಯಾಹ್ನದ ಹೊತ್ತಿಗೆ ಅವಳ ಪಾದ ಊದಿ ಚಪ್ಪಲಿಯ ಪಟ್ಟಿ ಅಚ್ಚೊತ್ತಿದ ಹಾಗೆ ಕೂತಿತ್ತು. ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೆಟ್ರೋ ನಿಲ್ದಾಣದಲ್ಲಿ ಯಾವ ಕಡೆಯ ಬಾಗಿಲಿಂದ ಹೊರಗೆ ಹೋಗೋದು ಅನ್ನುವಷ್ಟು ಸಣ್ಣ ಮಾತಿಗೆ ಇಬ್ಬರೂ ದನಿ ಎತ್ತಿದೆವು, ಆಮೇಲೆ ಸಂಜೆಯವರೆಗೆ ಮಾತಿಲ್ಲ. ಮರೀನಾ ಬೇ ನೀರಿನ ದಂಡೆಯ ಕಟ್ಟೆ ಮೇಲೆ ಕೂತಾಗ ಅವಳು ಚೀಲದಿಂದ ತೊಡದೇವಿನ ಪೊಟ್ಟಣ ತೆಗೆದಳು. ಕಾಗದದಷ್ಟು ತೆಳ್ಳಗಿನ ತೊಡದೇವು, ಅಷ್ಟು ದೂರ ಬರುವಷ್ಟರಲ್ಲಿ ಪುಡಿಪುಡಿ. ಬೆರಳ ತುದಿ ಒದ್ದೆ ಮಾಡಿಕೊಂಡು, ಅದಕ್ಕೆ ಅಂಟಿದಷ್ಟನ್ನು ಬಾಯಿಗಿಡುತ್ತಾ ಪೊಟ್ಟಣದ ಮೂಲೆಯವರೆಗೂ ಖಾಲಿ ಮಾಡಿದೆವು. ಆಗ "ಕಾಲು ತುಂಬಾ ನೋಯ್ತಿದೆ ಕಣೇ" ಅಂದಳು. ಬೆಳಿಗ್ಗೆಯೇ ನಾನು ಕೇಳಬೇಕಿತ್ತು. ಅವತ್ತು ಸುತ್ತಿದ ಎರಡು ಜಾಗಕ್ಕೆ ಮೂರನೇ ದಿನ ಮತ್ತೆ ಹೋದೆವು, ಮೊದಲ ದಿನ ಕಂಡದ್ದು ಅರ್ಧವೂ ತಲೆಗೆ ಹೋಗಿರಲಿಲ್ಲ.

ಅದಕ್ಕೇ ನಿಮಗೆ ಹೇಳೋದು, ಮೊದಲ ದಿನ ನಿಮ್ಮ ಜೊತೆಗಾರ್ತಿಯದು, ಊರಿನದು ಎರಡನೇ ದಿನದಿಂದ. ಆರು ಜಾಗದಲ್ಲಿ ಒಂದನ್ನು ಅತ್ತಿಗೆಯೇ ಆರಿಸಲಿ, ಉಳಿದ ಐದನ್ನು ನಾಲ್ಕು ದಿನಕ್ಕೆ ಹಂಚಿ. ಯಾವುದನ್ನೂ ಬಿಡಬೇಡಿ, ಅವರ ಪಟ್ಟಿ ಪೂರ್ತಿ ಆಗಲಿ.

ಬೆಳಿಗ್ಗೆ ಟ್ಯಾಕ್ಸಿಯಲ್ಲೇ ಹೋಗಿ, ಅವತ್ತು ಒಂದು ದಿನ ದುಡ್ಡು ನೋಡಬೇಡಿ. ಹೋಟೆಲ್ ರೂಮು ಸಾಮಾನ್ಯವಾಗಿ ಮಧ್ಯಾಹ್ನ ಎರಡು-ಮೂರರ ಮೇಲೇ ಕೊಡೋದು. ಬೇಗ ಕೊಡುತ್ತೀರಾ ಅಂತ ಈಗಲೇ ಮೇಲ್ ಹಾಕಿ ಕೇಳಿ, ಇಲ್ಲವೆಂದರೆ ಚೀಲ ಕೌಂಟರಿನಲ್ಲಿ ಬಿಟ್ಟು ಲಿಟಲ್ ಇಂಡಿಯಾ ಕಡೆ ಹೋಗಿ. ಅಲ್ಲಿ ಸೆರಂಗೂನ್ ರಸ್ತೆಯಲ್ಲಿ ಕೋಮಲ ವಿಲಾಸ ಅಂತ ಸಸ್ಯಾಹಾರಿ ಹೋಟೆಲ್ ಇದೆ, 1947ರಿಂದ ನಡೆಯುತ್ತಿದೆ, ದೋಸೆ, ಕಾಫಿ ಎಲ್ಲ ಸಿಗುತ್ತದೆ. ಅದೇ ರಸ್ತೆಯಲ್ಲಿ ವೀರಮಾಕಾಳಿಯಮ್ಮನ ಗುಡಿ. ಶಿರಸಿಯ ಮಾರಿಕಾಂಬೆಯನ್ನು ನೋಡಿ ಬೆಳೆದವರಿಗೆ ಅಲ್ಲಿ ಕೂತರೆ ಪರದೇಶ ಅನ್ನಿಸೋದಿಲ್ಲ, ಅಲ್ವಾ? ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಬೆಳಿಗ್ಗೆಯೇ ಕೈ ಮುಗಿದು ಬನ್ನಿ. ಘಟ್ಟದ ಮೇಲಿನವರಾದ ನಿಮಗೆ ಅಲ್ಲಿನ ಸೆಕೆ ಜಾಸ್ತಿ ಅನ್ನಿಸುತ್ತದೆ, ನಮ್ಮ ಕರಾವಳಿಯ ಹಾಗೆ ಬೆವರು ಇಳಿಯುತ್ತದೆ. ನಲ್ಲಿ ನೀರೇ ಕುಡಿಯಬಹುದು, ಬಾಟಲಿ ತುಂಬಿಸಿಕೊಳ್ಳುತ್ತಾ ಇರಿ.

ರೂಮು ಸಿಕ್ಕ ಕೂಡಲೇ ಅಲಾರಾಂ ಇಟ್ಟು ಎರಡು ತಾಸು ಮಲಗಿ, ಅದಕ್ಕಿಂತ ಜಾಸ್ತಿ ಬೇಡ, ರಾತ್ರಿ ನಿದ್ದೆ ಬರೋದಿಲ್ಲ. ಸಿಂಗಾಪುರ ಭೂಮಧ್ಯರೇಖೆಯ ಪಕ್ಕದಲ್ಲೇ ಇರುವುದರಿಂದ ವರ್ಷವಿಡೀ ಏಳರ ಸುಮಾರಿಗೇ ಕತ್ತಲಾಗುತ್ತದೆ. ಅತ್ತಿಗೆಯ ಪಟ್ಟಿಯಲ್ಲಿ ಗಾರ್ಡನ್ಸ್ ಬೈ ದ ಬೇ ಇದ್ದರೆ ಅದನ್ನೇ ಆರಿಸಲು ಹೇಳಿ. ಮರದ ಆಕಾರದ ಎತ್ತರದ ಕಂಬಗಳಿಗೆ ಬಳ್ಳಿ ಹಬ್ಬಿಸಿದ್ದಾರೆ, ರಾತ್ರಿ 7.45ಕ್ಕೆ ಮತ್ತು 8.45ಕ್ಕೆ ಹಾಡಿನ ಜೊತೆ ದೀಪದ ಆಟ ಇರುತ್ತದೆ, ಟಿಕೆಟ್ ಇಲ್ಲ. ಜನ ನೆಲದ ಮೇಲೆ ಅಂಗಾತ ಮಲಗಿ ನೋಡುತ್ತಾರೆ. ಒಂದು ಹಳೇ ಸೀರೆ ಹಾಸಿಕೊಂಡು ನೀವೂ ಮಲಗಿ, ಮಂಡಿಗೂ ಆರಾಮ.

ವಿಮಾನ ನಿಲ್ದಾಣದ ಕಟ್ಟಡದೊಳಗಿನ ಜಲಪಾತವೂ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಅದಕ್ಕಾಗಿ ಬೆಳಿಗ್ಗೆ ಕಾಯಬೇಡಿ, ನೀರು ಬಿಡೋದು ಹತ್ತು-ಹನ್ನೊಂದರ ಮೇಲೆ. ಎತ್ತರ 40 ಮೀಟರ್, ನಮ್ಮ ಉಂಚಳ್ಳಿ 116 ಮೀಟರ್. ಆದರೂ ಗಾಜಿನ ಸೂರಿನ ನಡುವಿಂದ ನೀರು ಬೀಳೋದು ನೋಡಲೇಬೇಕಾದ್ದು, ವಾಪಸ್ ಬರುವ ದಿನಕ್ಕೆ ಇಟ್ಟುಕೊಳ್ಳಿ.

ಇನ್ನು ಚೀಲದ ವಿಷಯ. ಅಂಟಿನುಂಡೆ ಕಟ್ಟಿದರೆ ಗಸಗಸೆ ಹಾಕಲೇಬೇಡಿ, ಸಿಂಗಾಪುರದಲ್ಲಿ ಗಸಗಸೆಗೆ ನಿಷೇಧ ಇದೆ. ಕವಳದ ಅಭ್ಯಾಸ ಇದ್ದರೆ ಹೊಗೆಸೊಪ್ಪು ಮನೆಯಲ್ಲೇ ಬಿಡಿ, ಜಗಿಯುವ ತಂಬಾಕು ಒಳಗೆ ಒಯ್ಯುವ ಹಾಗಿಲ್ಲ, ರಸ್ತೆಯಲ್ಲಿ ಉಗುಳಿದರೂ ದಂಡ. ಮೆಟ್ರೋದಲ್ಲಿ ತಿನ್ನೋದು, ನೀರು ಕುಡಿಯೋದು ಎರಡೂ ಇಲ್ಲ. ವೀಸಾದ ಜೊತೆಗೆ ಎಸ್‌ಜಿ ಅರೈವಲ್ ಕಾರ್ಡ್ ಅಂತ ಒಂದನ್ನು ಇಳಿಯುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಅದು ಪುಕ್ಕಟೆ, ಯಾವ ವೆಬ್‌ಸೈಟಾದರೂ ದುಡ್ಡು ಕೇಳಿದರೆ ಅದು ಸರ್ಕಾರದ್ದಲ್ಲ ಅಂತ ತಿಳಿಯಿರಿ.

ಪ್ರಶ್ನೆ: ಮದುವೆಯಾಗಿ ಎಂಟು ವರ್ಷದ ಮೇಲೆ ಗಂಡನ ಜೊತೆ ಮೊದಲ ಸಲ ಹೊರದೇಶಕ್ಕೆ ಹೋಗುತ್ತಿದ್ದೇನೆ. ಇಳಿದ ದಿನವೇ ಕಾರ್ಡ್ ನಡೆಯದಿದ್ದರೆ ಏನು ಮಾಡೋದು?
ಒಬ್ಬ ಓದುಗರು, ಕಾರವಾರ

ಉತ್ತರ: ನಮ್ಮ ಬ್ಯಾಂಕುಗಳು ಕೊಡುವ ಕಾರ್ಡುಗಳಲ್ಲಿ ಹೊರದೇಶದ ವ್ಯವಹಾರ ಮೊದಲೇ ಆನ್ ಆಗಿರೋದಿಲ್ಲ, 2020ರಿಂದ ಇದೇ ನಿಯಮ. ಬ್ಯಾಂಕಿನ ಆ್ಯಪ್‌ನಲ್ಲಿ ನೀವೇ ಆನ್ ಮಾಡಬೇಕು. ಅದನ್ನು ಕಾರವಾರದಲ್ಲೇ ಮಾಡಿ. ಅಲ್ಲಿ ಇಳಿದ ಮೇಲೆ ರೋಮಿಂಗ್ ಇಲ್ಲದಿದ್ದರೆ ಓಟಿಪಿ ಬರೋದಿಲ್ಲ, ನಿಂತಲ್ಲೇ ನಿಲ್ಲಬೇಕಾಗುತ್ತದೆ. ಇಬ್ಬರೂ ಬೇರೆ ಬೇರೆ ಬ್ಯಾಂಕಿನ ಕಾರ್ಡ್ ಒಯ್ಯಿರಿ, ಬೇರೆ ಬೇರೆ ಚೀಲದಲ್ಲಿಡಿ. ಮೊದಲ ದಿನದ ಊಟ, ಟ್ಯಾಕ್ಸಿಗೆ ಆಗುವಷ್ಟು ಆ ದೇಶದ ನೋಟು ಇಲ್ಲಿಂದಲೇ ಹಿಡಿದುಕೊಂಡು ಹೋಗಿ. ಹೋಟೆಲ್ ವಿಳಾಸ ಒಂದು ಚೀಟಿಯಲ್ಲಿ ಬರೆದು ಇಬ್ಬರ ಹತ್ತಿರವೂ ಇರಲಿ, ಫೋನ್ ಚಾರ್ಜ್ ಮುಗಿದರೂ ಆ ಚೀಟಿ ತೋರಿಸಿ ರೂಮಿಗೆ ತಲುಪಬಹುದು.

ಪ್ರಶ್ನೆ: ಸಿಂಗಾಪುರಕ್ಕೆ ಹೋದವರೆಲ್ಲ ಸೆಂಟೋಸಾ ಬೀಚ್ ಅಂತಾರೆ. ನಾವು ಗೆಳೆಯರಿಬ್ಬರು ಮೊದಲ ದಿನ ಅಲ್ಲಿಗೇ ಹೋಗೋಣವಾ?
ಒಬ್ಬ ಓದುಗರು, ಕುಮಟಾ

ಉತ್ತರ: ಹೊರಗಿಂದ ಮರಳು ತಂದು ಸುರಿದು ಮಾಡಿದ ದಂಡೆ ಅದು. ಚೊಕ್ಕವಾಗಿದೆ, ಮಕ್ಕಳಿದ್ದರೆ ಖುಷಿಪಡುತ್ತಾರೆ. ಕುಮಟಾದವರು ಮೊದಲ ದಿನವನ್ನು ಸಮುದ್ರಕ್ಕೆ ಕೊಡೋದು ಬೇಡ. ಯಾವುದಾದರೂ ಹಾಕರ್ ಸೆಂಟರ್‌ಗೆ ಹೋಗಿ, ಒಂದೇ ಸೂರಿನಡಿ ಸಾಲು ಸಾಲು ಅಂಗಡಿ ಇರುತ್ತದೆ, ಮೀನು ತಿನ್ನುವವರಾದರೆ ಅಲ್ಲಿ ಎರಡು ತಾಸು ಕೂರಬಹುದು.