ಬಸ್ಸಿಗೂ ‘ಟೇಕ್’, ಮದ್ದಿಗೂ ‘ಟೇಕ್’: ನೆನಪಿಡುವುದು ಹೇಗೆ?

ಪ್ರಶ್ನೆ: ಟೀಚರ್, ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದವಳು. ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪ್ಲಸ್ ಒನ್ ಸೇರಿದ್ದೇನೆ. ಇಂಗ್ಲಿಷಿನಲ್ಲಿ ಎಲ್ಲಿ ನೋಡಿದರೂ ‘ಟೇಕ್’. ಅದರ ಅರ್ಥಗಳನ್ನೆಲ್ಲ ಬಾಯಿಪಾಠ ಮಾಡಬೇಕಾ?

ಉತ್ತರ: ಬೇಡ. ಬರೀ ಅರ್ಥದ ಪಟ್ಟಿ ತಲೆಯಲ್ಲಿ ನಿಲ್ಲುವುದಿಲ್ಲ. ಟೇಕ್ ಆದ ಮೇಲೆ ಯಾವ ಪದ ಬಂದಿದೆ ನೋಡಿ, ಎರಡನ್ನೂ ಒಟ್ಟಿಗೆ ಕಲಿಯಿರಿ. ‘ಟೇಕ್ ಎ ಟ್ಯಾಬ್ಲೆಟ್’ ಅಂದರೆ ಮಾತ್ರೆ ನುಂಗುವುದು. ‘ಟೇಕ್ ಎ ಫೋಟೋ’ ಅಂದರೆ ಫೋಟೋ ತೆಗೆಯುವುದು. ‘ಟೇಕ್ ದ ಬಸ್’ ಅಂದರೆ ಬಸ್ಸಿನಲ್ಲಿ ಹೋಗುವುದು.

ನಮ್ಮ ಮಕ್ಕಳು ಜಾಸ್ತಿ ತಪ್ಪುವುದು ಸಮಯದ ಲೆಕ್ಕದಲ್ಲಿ. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್, ದಾರಿಯಲ್ಲಿ ಬ್ಲಾಕ್ ಇದ್ದರೆ ‘ಎರಡು ಗಂಟೆ ಹಿಡಿಯಿತು’ ಅನ್ನುತ್ತೇವೆ ಅಲ್ವಾ? ಅದನ್ನೇ ‘ಟು ಅವರ್ಸ್ ಟುಕ್’ ಅಂತ ಬರೆದರೆ ವಾಕ್ಯ ಆಗುವುದಿಲ್ಲ. ‘ದ ಬಸ್ ಟುಕ್ ಟು ಅವರ್ಸ್’ ಅನ್ನಿ, ಇಲ್ಲವೇ ‘ಇಟ್ ಟುಕ್ ಟು ಅವರ್ಸ್’ ಅನ್ನಿ. ಈ ‘ಇಟ್’ಗೆ ಕನ್ನಡದಲ್ಲಿ ಅರ್ಥ ಹುಡುಕಬೇಡಿ. ಕರ್ತೃವಿನ ಜಾಗ ಖಾಲಿ ಬಿಡಲು ಇಂಗ್ಲಿಷ್ ಒಪ್ಪುವುದಿಲ್ಲ, ಅದಕ್ಕೇ ಅದು ಅಲ್ಲಿರುವುದು.

ಇನ್ನು ‘ಟೇಕ್’ ಮತ್ತು ‘ಬ್ರಿಂಗ್’. ಇದು ನಿಮಗೆ ಸುಲಭ. ನಮ್ಮ ಕಡೆ ‘ಕೊಂಡುಹೋಗು’, ‘ಕೊಂಡುಬಾ’ ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಅಷ್ಟೇ ವ್ಯತ್ಯಾಸ. ಮನುಷ್ಯರಾದರೆ ಕರೆದುಕೊಂಡು ಹೋಗುವುದು: ‘ಟೇಕ್ ಹರ್ ಟು ದ ಹಾಸ್ಪಿಟಲ್’.

ಪರೀಕ್ಷೆಯನ್ನು ಕನ್ನಡದಲ್ಲೂ ಮಲಯಾಳದಲ್ಲೂ ‘ಬರೆಯುತ್ತೇವೆ’. ಹಾಗಾಗಿ ಇಲ್ಲಿ ಎಲ್ಲರ ಬಾಯಲ್ಲೂ ‘ರೈಟ್ ದ ಎಕ್ಸಾಮ್’. ಅದು ನಮ್ಮಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ನಾಚಿಕೊಳ್ಳಬೇಕಾಗಿಲ್ಲ. ಆದರೆ ಬ್ರಿಟನ್, ಅಮೆರಿಕದ ರೂಢಿಯಲ್ಲಿ ವಿದ್ಯಾರ್ಥಿ ಪರೀಕ್ಷೆ ‘ಟೇಕ್’ ಮಾಡುತ್ತಾನೆ. ಮುಂದೆ ಸರಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಯ ಇಂಗ್ಲಿಷ್ ಪ್ರಶ್ನೆಗಳಿಗೆ ಉತ್ತರಿಸುವಾಗ ಟೇಕ್ ಆರಿಸುವುದೇ ಒಳ್ಳೆಯದು.

ಅಂದ ಹಾಗೆ, ಟೇಕ್ ಮೂಲದಲ್ಲಿ ಇಂಗ್ಲಿಷಿನದೇ ಅಲ್ಲ! ಹಳೆಯ ಇಂಗ್ಲಿಷಿನಲ್ಲಿ ಈ ಕೆಲಸಕ್ಕೆ ‘ನಿಮನ್’ ಅಂತ ಬೇರೆ ಕ್ರಿಯಾಪದ ಇತ್ತು. ಸ್ಕ್ಯಾಂಡಿನೇವಿಯಾದಿಂದ ಬಂದು ನೆಲೆಸಿದವರ ಮಾತಿನ ಟೇಕ್ ನಿಧಾನವಾಗಿ ಅದರ ಜಾಗ ಹಿಡಿಯಿತು. ಕೈಕಾಲು ಮರಗಟ್ಟಿದಾಗ ಹೇಳುವ ‘ನಂಬ್’ ಪದದಲ್ಲಿ ಆ ಹಳೆಯ ನಿಮನ್ ಇನ್ನೂ ಉಳಿದಿದೆ.

ಟೇಕ್ ಹಿಂದೆ ಸಣ್ಣ ಪದ ಅಂಟಿಕೊಂಡರೆ ಮಾತ್ರ ಡಿಕ್ಷನರಿ ತೆರೆಯಲೇಬೇಕು, ಸುಮ್ನೆ ಊಹಿಸಬೇಡಿ. ವಿಮಾನ ‘ಟೇಕ್ಸ್ ಆಫ್’ ಅಂದರೆ ಮೇಲೇರುತ್ತದೆ, ಆದರೆ ಚಪ್ಪಲಿ ‘ಟೇಕ್ ಆಫ್’ ಮಾಡಿ ಅಂದರೆ ಕಳಚಿಡಿ ಅಂತ. ‘ಶಿ ಟೇಕ್ಸ್ ಆಫ್ಟರ್ ಹರ್ ಮದರ್’ ಅಂದರೆ ಅವಳು ಅಮ್ಮನ ಹಾಗೇ ಇದ್ದಾಳೆ.