ಅಲಿಸನ್ ವೀರ್ ಇತಿಹಾಸದ ಪ್ರೊಫೆಸರಾ? ರಾಜಮನೆತನಗಳ ಬಗ್ಗೆ ಬರೆಯೋಕೆ ಹೇಗೆ ಬಂದರು?

ಪ್ರೊಫೆಸರ್ ಅಲ್ಲ, ಬ್ರಿಟಿಷ್ ಲೇಖಕಿ. ಲಂಡನ್‌ನಲ್ಲಿ 1951ರಲ್ಲಿ ಹುಟ್ಟಿದ ಇವರಿಗೆ ಈ ಹುಚ್ಚು ಹಿಡಿದದ್ದು 14ನೇ ವಯಸ್ಸಿನಲ್ಲಿ, ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿಯ ಮೊದಲ ಹೆಂಡತಿ ಅರಾಗಾನ್‌ನ ಕ್ಯಾಥರೀನ್ ಬಗ್ಗೆ ಒಂದು ಕಾದಂಬರಿ ಓದಿ. ಕಥೆಯಲ್ಲಿ ನಿಜ ಎಷ್ಟು ಅಂತ ಹುಡುಕಲು ಹೊರಟವರು ಮತ್ತೆ ನಿಲ್ಲಲೇ ಇಲ್ಲ.

ಆದರೆ ಪುಸ್ತಕ ಅಚ್ಚಾಗಲು ಬಹಳ ಕಾಯಬೇಕಾಯಿತು. 1970ರ ದಶಕದಲ್ಲಿ ಎಂಟನೇ ಹೆನ್ರಿಯ ಆರು ಹೆಂಡತಿಯರ ಬಗ್ಗೆ ಬರೆದರು. ತುಂಬಾ ಉದ್ದ ಅಂತ ಪ್ರಕಾಶಕರು ವಾಪಸ್ ಕಳಿಸಿದರು. ಆಮೇಲೆ ಆ ಆರು ಜನರಲ್ಲಿ ಒಬ್ಬಳಾದ ಜೇನ್ ಸೀಮೋರ್ ಬಗ್ಗೆ ಬರೆದರೆ, ಇದು ತೀರಾ ಚಿಕ್ಕದು ಅಂದರು! ನಗು ಬರುತ್ತೆ, ಅಲ್ವಾ?

ಕೊನೆಗೆ 1989ರಲ್ಲಿ ಮೊದಲ ಪುಸ್ತಕ ಬಂತು. ಅದು ಬ್ರಿಟನ್ನಿನ ರಾಜಮನೆತನಗಳ ವಂಶಾವಳಿ. ಯಾರು ಯಾರನ್ನು ಮದುವೆಯಾದರು, ಮಕ್ಕಳೆಷ್ಟು, ಎಲ್ಲಿ ಹೂತರು, ಬರೀ ಇಂಥ ವಿವರಗಳೇ. ಆರು ಹೆಂಡತಿಯರ ಪುಸ್ತಕ ಹೊಸದಾಗಿ ಬರೆದು ಹೊರಬಂದದ್ದು 1991ರಲ್ಲಿ. ಅದೇ ಸಮಯಕ್ಕೆ ಕಲಿಕೆಯ ತೊಂದರೆ ಇರುವ ಮಕ್ಕಳಿಗಾಗಿ ಒಂದು ಶಾಲೆಯನ್ನೂ 1997ರವರೆಗೆ ನಡೆಸಿದರು.

2006ರಲ್ಲಿ ಕಾದಂಬರಿಗೂ ಇಳಿದರು. ಮೊದಲನೆಯದು ಇಂಗ್ಲೆಂಡಿಗೆ ಬರೀ ಒಂಬತ್ತು ದಿನ ರಾಣಿಯಾಗಿದ್ದ ಜೇನ್ ಗ್ರೇ ಕಥೆ. ಸುಮ್ನೆ ರುಚಿ ನೋಡಬೇಕು ಅಂದ್ರೆ ಇದನ್ನೇ ಓದಿ. ವಂಶಾವಳಿ ಪುಸ್ತಕ ಪಕ್ಕದಲ್ಲಿಟ್ಟುಕೊಂಡರೆ ಹೆಸರುಗಳ ಗೊಂದಲ ಕಮ್ಮಿ.