ರಷ್ಯನ್ನರ ‘ಲೋಗಿನ್’ ಮತ್ತು ನಮ್ಮ ‘ಲಾಗಿನ್’ ಎರಡೂ ಒಂದೇನಾ?

ಪ್ರಶ್ನೆ: ಮೇಡಂ, ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೇನೆ. ಒಂದು ವರ್ಷದಿಂದ ರಷ್ಯನ್ ಕಲಿಯುತ್ತಿದ್ದೇನೆ. ನಮ್ಮ ಆ್ಯಪ್ ಈಗ ರಷ್ಯನ್‌ನಲ್ಲೂ ಬರಲಿದೆ. ‘ಲಾಗಿನ್’ ಬಟನ್ ಮೇಲೆ ಅದೇ ಪದವನ್ನು ರಷ್ಯನ್ ಅಕ್ಷರದಲ್ಲಿ ಬರೆದೆ. ಅದನ್ನು ನೋಡಿದ ರಷ್ಯನ್ ಪರಿಶೀಲಕರು ತಪ್ಪು ಎಂದು ವಾಪಸ್ ಕಳಿಸಿದರು. ಆದರೆ ಅದೇ ಪುಟದಲ್ಲಿ ಹೆಸರು ತುಂಬುವ ಜಾಗದ ಮೇಲೆ ಅವರೇ ‘ಲೋಗಿನ್’ ಎಂದು ಹಾಕಿದ್ದಾರೆ. ಒಂದು ಕಡೆ ತಪ್ಪಾದದ್ದು ಇನ್ನೊಂದು ಕಡೆ ಹೇಗೆ ಸರಿ? ಇಂಥ ಇಂಗ್ಲಿಷ್ ಪದಗಳನ್ನು ಅನುವಾದ ಮಾಡಬೇಕಾ, ಹಾಗೇ ಬಿಡಬೇಕಾ?

ಉತ್ತರ: ನಿಮ್ಮ ಪರಿಶೀಲಕರು ಎರಡೂ ಕಡೆ ಸರಿಯಾಗಿಯೇ ಮಾಡಿದ್ದಾರೆ. ರಷ್ಯನ್‌ನಲ್ಲಿ ‘ಲೋಗಿನ್’ ಎಂದರೆ ಒಳಗೆ ಹೋಗುವ ಕೆಲಸ ಅಲ್ಲ. ಒಳಗೆ ಹೋಗಲು ನೀವು ಕೊಡುವ ಹೆಸರು, ಅಂದರೆ ನಾವು ಯೂಸರ್‌ನೇಮ್ ಅಂತೀವಲ್ಲ, ಅದು. ನಿಮ್ಮ ಬಟನ್ ಅನ್ನು ಒಬ್ಬ ರಷ್ಯನ್ ಓದಿದರೆ ಅವರಿಗೆ ಕಾಣುವುದು ‘ಯೂಸರ್‌ನೇಮ್’ ಎಂಬ ಬಟನ್. ಅದನ್ನು ಒತ್ತಿದರೆ ಏನಾಗುತ್ತದೋ ಎಂದು ಅವರು ಅನುಮಾನ ಪಡುತ್ತಾರೆ, ಅಲ್ವಾ?

ಬಟನ್‌ಗೆ ಬೇಕಾದ ಪದ ‘ವೊಯ್ತೀ’. ಒಳಗೆ ಹೋಗುವುದು ಎಂದರ್ಥ. ಮನೆಯೊಳಗೆ, ಅಂಗಡಿಯೊಳಗೆ ಹೋಗಲೂ ಇದೇ ಪದ. ಪುಟದ ಶೀರ್ಷಿಕೆಗೆ ‘ವ್ಖೋದ್’ ಹಾಕಿ, ಅಂದರೆ ಪ್ರವೇಶ. ಮೆಟ್ರೋ ನಿಲ್ದಾಣದ ಬಾಗಿಲ ಮೇಲೂ ಅದೇ ಇರುತ್ತದೆ. ಹೊರಗೆ ಬರಲು ‘ವೀಯ್ತಿ’. ಇಂಥ ದಿನಬಳಕೆಯ ಪದಗಳು ಕೈಗೆ ಸಿಗುವಾಗ ಬಟನ್‌ಗೆ ಇಂಗ್ಲಿಷ್ ಪದ ಬೇಕಾಗಲೇ ಇಲ್ಲ. ಯೂಸರ್‌ನೇಮ್‌ಗೆ ಮಾತ್ರ ಚಿಕ್ಕ ಪದ ಬೇಕಿತ್ತು. ‘ಇಮ್ಯಾ ಪೋಲ್ಜೊವಾತೆಲ್ಯಾ’, ಅಂದರೆ ಬಳಕೆದಾರರ ಹೆಸರು, ಎಂಬುದು ಇದೆ. ಆದರೆ ಉದ್ದ. ಆ ಜಾಗದಲ್ಲಿ ‘ಲೋಗಿನ್’ ಹೋಗಿ ಕೂತಿತು.

ಪಕ್ಕದಲ್ಲೇ ಇರುವ ಪಾಸ್‌ವರ್ಡ್‌ನ ಕಥೆ ನೋಡಿ. ಅದಕ್ಕೆ ರಷ್ಯನ್ನರು ಇಂಗ್ಲಿಷ್ ಪದವನ್ನು ತರಲೇ ಇಲ್ಲ. ಕಾವಲುಗಾರನಿಗೆ ಹೇಳುವ ಗುಟ್ಟಿನ ಮಾತಿಗೆ ಅವರ ಸೈನ್ಯದಲ್ಲಿ ಮೊದಲೇ ‘ಪರೋಲ್’ ಎಂಬ ಪದವಿತ್ತು. ಅದೇ ಕಂಪ್ಯೂಟರ್‌ಗೂ ಬಂತು. ಅದರ ಮೂಲ ಫ್ರೆಂಚ್, ಅರ್ಥ ‘ಮಾತು’. ಕೈದಿಗೆ ಪೆರೋಲ್ ಸಿಕ್ಕಿತು ಎಂದು ನಮ್ಮ ಪತ್ರಿಕೆಗಳಲ್ಲಿ ಓದುತ್ತೇವಲ್ಲ, ಅದೂ ಇದೇ ಫ್ರೆಂಚ್ ಪದದಿಂದ ಬಂದದ್ದು. ಕೊಟ್ಟ ಮಾತಿನ ಮೇಲೆ ಬಿಡುಗಡೆ. ನನಗೆ ಇದು ತುಂಬಾ ಇಷ್ಟವಾದ ಜೋಡಿ.

ಈಗ ವ್ಯಾಕರಣಕ್ಕೆ ಬರೋಣ. ಕನ್ನಡಿಗರು ಎಡವುವುದು ಇಲ್ಲೇ ಜಾಸ್ತಿ. ನಮ್ಮಲ್ಲಿ ಯಾವ ಇಂಗ್ಲಿಷ್ ಪದ ಬಂದರೂ ಪಕ್ಕದಲ್ಲಿ ಒಂದು ‘ಮಾಡು’ ಅಥವಾ ‘ಆಗು’ ಇಟ್ಟರೆ ಮುಗಿಯಿತು. ಲಾಗಿನ್ ಮಾಡಿ, ಲಾಗಿನ್ ಆಗಿದೆ. ರಷ್ಯನ್‌ನಲ್ಲಿ ಆ ಸೌಕರ್ಯವಿಲ್ಲ. ಕ್ರಿಯಾಪದ ಬೇಕೆಂದರೆ ಆ ಪದಕ್ಕೇ ರಷ್ಯನ್ ತಲೆ, ರಷ್ಯನ್ ಬಾಲ ಅಂಟಿಸಬೇಕು. ಹಾಗೆ ಹುಟ್ಟಿದ್ದು ‘ಜಲೋಗಿನಿತ್ಸಾ’. ಮುಂದೆ ‘ಜ’, ಹಿಂದೆ ‘ಇತ್ಸಾ’, ನಡುವೆ ನಮ್ಮ ಲಾಗಿನ್. ಹೊರಗೆ ಬರುವುದಕ್ಕೆ ‘ರಾಜ್‌ಲೋಗಿನಿತ್ಸಾ’. ಹುಡುಗರು ದಿನವೂ ಹೀಗೆ ಮಾತಾಡುತ್ತಾರೆ. ನೀವೂ ಸ್ನೇಹಿತರ ಜೊತೆ ಬಳಸಬಹುದು. ಆದರೆ ಆ್ಯಪ್‌ನ ಬಟನ್ ಮೇಲೆ ಹಾಕಬೇಡಿ. ಅದು ಹರಟೆಯ ಭಾಷೆ.

ವಿಭಕ್ತಿ ಮಾತ್ರ ನಿಮಗೆ ಸುಲಭ. ‘ಲಾಗಿನ್‌ಗೆ’, ‘ಲಾಗಿನ್‌ನಿಂದ’ ಎಂದು ನಾವು ಯೋಚಿಸದೇ ಹೇಳುತ್ತೇವೆ. ಅವರೂ ಹಾಗೇ. ವ್ಯಂಜನದಲ್ಲಿ ಮುಗಿಯುವುದರಿಂದ ‘ಲೋಗಿನ್’ ಪುಲ್ಲಿಂಗ. ಷಷ್ಠಿಯಲ್ಲಿ ‘ಲೋಗಿನಾ’, ಚತುರ್ಥಿಯಲ್ಲಿ ‘ಲೋಗಿನು’, ತೃತೀಯೆಯಲ್ಲಿ ‘ಲೋಗಿನೊಮ್’. ‘ನಿಮ್ಮ ಲಾಗಿನ್‌ನಿಂದ ಒಳಗೆ ಬನ್ನಿ’ ಎಂದು ನಾವು ಹೇಳುವ ಕಡೆ ಅವರು ‘ಲಾಗಿನ್‌ನ ಕೆಳಗೆ’ ಎನ್ನುತ್ತಾರೆ, ‘ಪೊದ್ ಲೋಗಿನೊಮ್’. ಅಷ್ಟನ್ನು ನೆನಪಿಡಿ ಸಾಕು.

ಬಟನ್‌ಗಳ ಬಗ್ಗೆ ಇನ್ನೊಂದು ವಿಷಯ. ಕನ್ನಡದಲ್ಲಿ ನಾವು ‘ಉಳಿಸಿ’, ‘ಕಳಿಸಿ’ ಎಂದು ಮರ್ಯಾದೆಯಿಂದ ಹೇಳುತ್ತೇವೆ. ರಷ್ಯನ್ ಬಟನ್‌ಗಳಲ್ಲಿ ‘ಉಳಿಸುವುದು’, ‘ಕಳಿಸುವುದು’ ಎಂಬಂಥ ರೂಪವೇ ರೂಢಿ. ‘ವೊಯ್ತೀ’ ಕೂಡ ಅದೇ ರೂಪ. ಅದು ಮರ್ಯಾದೆ ಕಡಿಮೆ ಅಂತ ಅಲ್ಲ. ಬಳಕೆದಾರರ ಜೊತೆ ನೇರವಾಗಿ ಮಾತಾಡುವ ವಾಕ್ಯಗಳಲ್ಲಿ ‘ನೀವು’ ರೂಪ ತಪ್ಪದೇ ಇರಲಿ.

ನಿಮ್ಮ ಆ್ಯಪ್‌ನಲ್ಲಿ ಹಣ ಕಟ್ಟುವ ಪುಟವಿದ್ದರೆ ‘ಅಕೌಂಟ್’ ಪದದ ಮೇಲೆ ಕಣ್ಣಿಡಿ. ಕನ್ನಡದಲ್ಲಿ ಬ್ಯಾಂಕಿನದ್ದೂ ಖಾತೆ, ಇಮೇಲ್‌ನದ್ದೂ ಖಾತೆ, ಮನೆಯ ಕಾಗದವೂ ಖಾತೆ. ರಷ್ಯನ್‌ನಲ್ಲಿ ಬ್ಯಾಂಕಿನದ್ದು ‘ಶ್ಚೋತ್’. ಆ್ಯಪ್‌ನದ್ದು ‘ಅಕ್ಕಾವುಂತ್’, ಅಥವಾ ಸ್ವಲ್ಪ ಗಂಭೀರವಾಗಿ ‘ಉಚ್ಯೋತ್ನಯಾ ಜಾಪಿಸ್’. ‘ಶ್ಚೋತ್ ಅಳಿಸಲೇ?’ ಎಂದು ಕೇಳಿದರೆ ಓದುವವರ ಎದೆ ಧಸಕ್ ಎನ್ನುತ್ತದೆ. ಇದೊಂದು ತಪ್ಪು ಆಗಲೇಬಾರದು.

ಅನುವಾದ ಮಾಡಬೇಕಾ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಕೊಡಲಾರೆ. ಕಂಪ್ಯೂಟರ್‌ಗೆ ಸೋವಿಯತ್ ಕಾಲದಲ್ಲಿ ‘ಎಲೆಕ್ಟ್ರಾನಿಕ್ ಲೆಕ್ಕದ ಯಂತ್ರ’ ಎಂಬ ಅರ್ಥದ ಮೂರು ಪದಗಳ ಹೆಸರಿತ್ತು. ಅದನ್ನು ಚಿಕ್ಕದಾಗಿ ‘ಎವೆಎಮ್’ ಎನ್ನುತ್ತಿದ್ದರು. ಮನೆಮನೆಗೆ ಪಿಸಿ ಬಂದ ಮೇಲೆ ಜನ ‘ಕಂಪ್ಯೂತರ್’ ಎಂದೇ ಹೇಳಿದರು. ಆದರೂ ರಷ್ಯಾದ ನಾಗರಿಕ ಸಂಹಿತೆ ಇವತ್ತಿಗೂ ಸಾಫ್ಟ್‌ವೇರ್ ಅನ್ನು ‘ಎವೆಎಮ್‌ಗಾಗಿ ಬರೆದ ಪ್ರೋಗ್ರಾಂ’ ಎಂದೇ ಕರೆಯುತ್ತದೆ. ನಮ್ಮಲ್ಲಿ ಸರ್ಕಾರಿ ಕಾಗದದಲ್ಲಿ ಗಣಕಯಂತ್ರ, ಬಾಯಲ್ಲಿ ಕಂಪ್ಯೂಟರ್ ಇರುವ ಹಾಗೆ. ಎರಡೂ ಬದುಕಿವೆ, ಬೇರೆ ಬೇರೆ ಜಾಗದಲ್ಲಿ.

ಆದ್ದರಿಂದ ನಿಮ್ಮ ಆ್ಯಪ್ ಯಾರಿಗೆ ಎಂಬುದು ಮುಖ್ಯ. ರಷ್ಯಾದಲ್ಲಿ ರಾಜ್ಯಭಾಷೆಗೆ 2005ರ ಕಾನೂನು ಇದೆ. 2023ರಲ್ಲಿ ಅದಕ್ಕೆ ತಿದ್ದುಪಡಿ ಬಂತು. ರಾಜ್ಯಭಾಷೆಯಾಗಿ ರಷ್ಯನ್ ಕಡ್ಡಾಯವಾದ ಕಡೆಗಳಲ್ಲಿ, ಬಳಕೆಯಲ್ಲಿರುವ ರಷ್ಯನ್ ಪದವಿದ್ದರೆ ಪರಭಾಷೆಯ ಪದ ಹಾಕಬಾರದು ಎನ್ನುತ್ತದೆ ಅದು. ಸರ್ಕಾರಿ ಕೆಲಸದ ಆ್ಯಪ್ ಆದರೆ ‘ಇಮ್ಯಾ ಪೋಲ್ಜೊವಾತೆಲ್ಯಾ’ ಹಾಕಿ. ಸಾಮಾನ್ಯ ಗ್ರಾಹಕರಿಗೆ ಆದರೆ ‘ಲೋಗಿನ್’ ಧಾರಾಳವಾಗಿ ಸಾಕು. ಯಾವುದನ್ನು ಆರಿಸಿದರೂ ಎಲ್ಲ ಪುಟದಲ್ಲೂ ಅದೇ ಇರಲಿ.

‘ಫೈಲ್’ ಪದವೂ ನಿಮ್ಮ ಆ್ಯಪ್‌ನಲ್ಲಿ ಇದ್ದೇ ಇರುತ್ತದೆ. ಅದನ್ನು ಅನುವಾದ ಮಾಡುವ ಗೋಜು ಬೇಡ, ‘ಫಾಯ್ಲ್’ ಸಾಕು. ಆದರೆ ಸಂಖ್ಯೆಯ ಜೊತೆ ಬಂದಾಗ ಅದು ಮೂರು ರೂಪ ತಾಳುತ್ತದೆ. 1 ಫಾಯ್ಲ್, 2 ಫಾಯ್ಲಾ, 5 ಫಾಯ್ಲೊಫ್. 21 ಆದರೆ ಮತ್ತೆ ಫಾಯ್ಲ್, 11 ಮಾತ್ರ ಫಾಯ್ಲೊಫ್. ಇಂಗ್ಲಿಷ್‌ನ ಹಾಗೆ ಏಕವಚನ, ಬಹುವಚನ ಎಂದು ಎರಡೇ ಜಾಗ ಇಟ್ಟು ಕೋಡ್ ಬರೆದಿದ್ದರೆ ಈಗಲೇ ತಿದ್ದಿಸಿ. ಆಮೇಲೆ ತಿದ್ದುವುದು ದೊಡ್ಡ ಕೆಲಸ.

ಇನ್ನು ಮುಂದೆ ಪರಿಶೀಲಕರಿಗೆ ಸುಮ್ನೆ ಪದಗಳ ಪಟ್ಟಿ ಕಳಿಸಬೇಡಿ. ಪ್ರತಿ ಪುಟದ ಸ್ಕ್ರೀನ್‌ಶಾಟ್ ಜೊತೆಗಿರಲಿ. ‘ಲಾಗಿನ್’ ಎಂದಷ್ಟೇ ಬರೆದಿದ್ದರೆ ಅದು ಬಟನ್ನಾ, ಹೆಸರು ತುಂಬುವ ಜಾಗವಾ ಎಂದು ಅವರಿಗೆ ಹೇಗೆ ಗೊತ್ತಾಗಬೇಕು?